ಕಿಟುಯಿ ಹುಡುಗಿಯ ಶಾಲೆ, ಸಾವಿರ ಗಿಡ ಮತ್ತು 3 ಲಕ್ಷ ಶಿಲ್ಲಿಂಗ್: ನೈರೋಬಿಯಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಒಂಬತ್ತು ವರ್ಷದಿಂದ ನೈರೋಬಿಯಲ್ಲಿದ್ದೇವೆ. ನಮ್ಮ ಮನೆಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿರುವವರ ಊರು ಕಿಟುಯಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಒಂದು ಹಳ್ಳಿ. ಅವರ ಮಗಳಿಗೆ 14 ವರ್ಷ, ಅಜ್ಜಿಯ ಜೊತೆ ಊರಲ್ಲಿದ್ದಾಳೆ, ಎಂಟನೇ ತರಗತಿ. ಜನವರಿಯಿಂದ ಶಾಲೆಗೆ ಸರಿಯಾಗಿ ಹೋಗುತ್ತಿರಲಿಲ್ಲ, ಈಗ ಪೂರ್ತಿ ಬಿಟ್ಟಿದ್ದಾಳಂತೆ. ಅಜ್ಜಿಗೆ ಮಂಡಿ ನೋವು, ನೀರು ತರುವವರಿಲ್ಲ, ಶಾಲೆಯಲ್ಲಿ ಊಟದ ದುಡ್ಡು ಬಾಕಿ ಅಂತ ಎರಡು ಸಲ ಮನೆಗೆ ಕಳಿಸಿದ್ದಾರೆ. ಇದನ್ನು ಕೇಳಿ ನಾವು ಹನ್ನೆರಡು ಕನ್ನಡ ಕುಟುಂಬದವರು ಸೇರಿ 3 ಲಕ್ಷ ಶಿಲ್ಲಿಂಗ್ ಒಟ್ಟು ಮಾಡಿದ್ದೇವೆ. ಜೂನ್ 5ರ ಪರಿಸರ ದಿನಕ್ಕೆ ಆ ಶಾಲೆಗೆ ಹೋಗಿ ಸಾವಿರ ಗಿಡ ನೆಡುವುದು, ಹುಡುಗಿಯರಿಗೆಲ್ಲ ಪ್ಯಾಡ್ ಹಂಚುವುದು, ಓದು ಮತ್ತು ಪರಿಸರದ ಬಗ್ಗೆ ಅರಿವು ಮೂಡಿಸುವುದು, ಇದು ನಮ್ಮ ಯೋಚನೆ. ನಮ್ಮ ಯಜಮಾನರು "ಆ ತಾಯಿ ಕೈಗೆ ದುಡ್ಡು ಕೊಟ್ಟು ಸುಮ್ಮನಾಗಿ" ಅನ್ನುತ್ತಾರೆ. ಇನ್ನೊಬ್ಬರು "ಅಲ್ಲಿ ಹೆಣ್ಣುಮಕ್ಕಳನ್ನು ಹೇಗಿದ್ದರೂ ಬೇಗ ಮದುವೆ ಮಾಡಿಬಿಡುತ್ತಾರೆ, ಏನು ಮಾಡಿದರೂ ದಂಡ" ಅನ್ನುತ್ತಾರೆ. ನಾವು ಮಾಡುತ್ತಿರುವುದು ಸರಿಯಾ?

ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು "ನೀರು ತರುವವರಿಲ್ಲ" ಅನ್ನುವ ಮಾತಿನ ಹತ್ತಿರ. ಉತ್ತರ ಹೆಚ್ಚುಕಮ್ಮಿ ಅಲ್ಲೇ ಇದೆ. ಆದರೆ ನೀವು ಕೇಳಿರುವುದು ಎರಡು ಬೇರೆ ಪ್ರಶ್ನೆ. ಈ ಒಬ್ಬ ಹುಡುಗಿ ವಾಪಸ್ ಶಾಲೆಗೆ ಹೋಗಬೇಕು ಅನ್ನೋದು ಒಂದು. ಅವಳಂಥ ಹುಡುಗಿಯರಿಗೆ ಓದು, ಪರಿಸರ ಎರಡೂ ಸೇರಿಸಿ ಏನಾದರೂ ಮಾಡಬೇಕು ಅನ್ನೋದು ಇನ್ನೊಂದು. ಎರಡನ್ನೂ ಒಂದೇ ಬ್ಯಾನರಿನ ಕೆಳಗೆ ತಂದರೆ ಮೊದಲನೆಯದು ಕಳೆದುಹೋಗುತ್ತದೆ.

ನಾನು ಹನ್ನೊಂದು ವರ್ಷ ಪೂರ್ವ ಆಫ್ರಿಕಾದ ಹಳ್ಳಿ ಶಾಲೆಗಳ ಜೊತೆ ಕೆಲಸ ಮಾಡಿದವಳು. ಅದರಲ್ಲಿ ನಾಲ್ಕು ವರ್ಷ ಇದೇ ಉಕಂಬಾನಿಯಲ್ಲಿ, ಅಂದರೆ ಕಂಬಾ ಜನರ ಮಚಾಕೋಸ್, ಮಕುವೇನಿ, ಕಿಟುಯಿ ಸೀಮೆಯಲ್ಲಿ. ನೀವು ಈಗ ಮಾಡಹೊರಟಿರುವ ಕಾರ್ಯಕ್ರಮವನ್ನು ನಾನೇ ಒಮ್ಮೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಅದನ್ನು ಹೇಳಿಬಿಡುತ್ತೇನೆ, ಆಮೇಲಿನದು ಸುಲಭವಾಗುತ್ತದೆ.

ಆಗ ನನಗೆ ಇಪ್ಪತ್ತೊಂಬತ್ತು ವರ್ಷ, ಉತ್ಸಾಹ ಜಾಸ್ತಿ. ಒಂದು ಶಾಲೆಯಲ್ಲಿ ಜೂನ್ 5ಕ್ಕೆ "ಒಬ್ಬ ಹುಡುಗಿ, ಒಂದು ಗಿಡ" ಅಂತ ಮಾಡಿದೆವು. ಪ್ರತಿ ಗಿಡಕ್ಕೂ ಒಂದು ಹುಡುಗಿಯ ಹೆಸರಿನ ಹಲಗೆ. ಹುಡುಗರು ಗುಂಡಿ ತೋಡಿ ಫುಟ್‌ಬಾಲ್ ಆಡಲು ಹೋದರು. ಫೋಟೋ ಚೆನ್ನಾಗಿ ಬಂತು. ಆಗಸ್ಟ್‌ನಲ್ಲಿ ಮತ್ತೆ ಹೋದಾಗ ಬೆಳಗ್ಗೆ ಏಳಕ್ಕೆ ಶಾಲೆಯ ಗೇಟಿನ ಹತ್ತಿರ ನಿಂತಿದ್ದೆ. ಒಬ್ಬಳು ಬಂದಳು, ಏಳನೇ ಕ್ಲಾಸಿನವಳು. ಹಣೆಗೆ ಅಡ್ಡಲಾಗಿ ಒಂದು ಪಟ್ಟಿ, ಆ ಪಟ್ಟಿಯಿಂದ ಬೆನ್ನ ಮೇಲೆ ಜೋತುಬಿದ್ದ ಹಳದಿ ಕ್ಯಾನು, ಬಾಯಿಗೆ ಮುಚ್ಚಳ ಇಲ್ಲ, ಜೋಳದ ಬೆಂಡು ತುರುಕಿದ್ದಾಳೆ. ಕೈಯಲ್ಲಿ ಇನ್ನೊಂದು ಐದು ಲೀಟರಿನ ಕ್ಯಾನು. ಪುಸ್ತಕದ ಚೀಲ ಎದೆಯ ಕಡೆ. ಬೆನ್ನ ಮೇಲಿನದು ಶಾಲೆಯ ಅಡುಗೆಗೆ, ಅದು ಮೊದಲಿನಿಂದ ಇದ್ದ ನಿಯಮ. ಕೈಯಲ್ಲಿರುವುದು ಯಾಕೆ ಅಂದೆ. "ನನ್ನ ಗಿಡಕ್ಕೆ, ಮೇಡಂ" ಅಂದಳು. ಆ ಐದು ಲೀಟರ್ ಅವಳ ಮೇಲೆ ಹೇರಿದವಳು ನಾನು. ಅವಳು ಅದಕ್ಕಾಗಿ ಅರ್ಧ ಗಂಟೆ ಮೊದಲು ಏಳುತ್ತಿದ್ದಳು. ಜನವರಿಗೆ ಹೋಗಿ ನೋಡಿದರೆ ಹೆಸರಿನ ಹಲಗೆಗಳು ಎಲ್ಲಾ ಇದ್ದವು, ಗಿಡ ಕೈಬೆರಳಲ್ಲಿ ಎಣಿಸುವಷ್ಟು.

ತಪ್ಪು ಎಲ್ಲಾಯಿತು ಅಂತ ಗೊತ್ತಾಗಲು ನನಗೆ ಅಲ್ಲಿಯ ಮಳೆ ಅರ್ಥವಾಗಬೇಕಾಯಿತು. ಕಿಟುಯಿಯಲ್ಲಿ ಎರಡು ಮಳೆಗಾಲ. ಮಾರ್ಚ್‌ನಿಂದ ಮೇವರೆಗೆ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು. ಹೆಸರಿಗೆ ಮೊದಲನೆಯದು "ದೊಡ್ಡ ಮಳೆ", ಆದರೆ ಉಕಂಬಾನಿಯ ರೈತರು ನಂಬುವುದು ಎರಡನೆಯದನ್ನು. ಜೂನ್ 5 ಅಂದರೆ ನಮ್ಮ ಕಡೆ ಮುಂಗಾರು ಬಾಗಿಲಿಗೆ ಬಂದಿರುತ್ತದೆ, ಗಿಡ ನೆಡಲು ಹೇಳಿ ಮಾಡಿಸಿದ ದಿನ. ಅಲ್ಲಿ ಅದು ಮಳೆ ಮುಗಿದ ದಿನ. ಆಮೇಲೆ ನಾಲ್ಕು ತಿಂಗಳು ಒಂದು ಹನಿ ಇಲ್ಲ. ಅಂದರೆ ಜೂನ್‌ನಲ್ಲಿ ನೆಟ್ಟ ಪ್ರತಿ ಗಿಡಕ್ಕೂ ಯಾರೋ ನೀರು ಹೊರಬೇಕು. ಆ ಊರಲ್ಲಿ ನೀರು ಹೊರುವವರು ಯಾರು? ನೀವು ಓದಿಸಬೇಕು ಅಂದುಕೊಂಡಿರುವ ಅದೇ ಹುಡುಗಿಯರು.

ಹಾಗಾಗಿ ಮೊದಲ ಮಾತು: ಜೂನ್ 5 ಕೈಬಿಡಿ. ಗಿಡ ಬೇಕೇ ಬೇಕು ಅಂದರೆ ನವೆಂಬರ್.

ಈಗ ನಿಮ್ಮ ಸ್ನೇಹಿತರ ಮಾತಿಗೆ ಬರೋಣ. "ಅಲ್ಲಿ ಬೇಗ ಮದುವೆ ಮಾಡಿಬಿಡುತ್ತಾರೆ." ಎಲ್ಲಿ? ಆಫ್ರಿಕಾದಲ್ಲಿ 54 ದೇಶ ಇವೆ. ಕೆನ್ಯಾ ಒಂದರಲ್ಲೇ ಉತ್ತರದ ಮರುಭೂಮಿ ಜಿಲ್ಲೆಗಳಿಗೂ ಕಿಟುಯಿಗೂ ಆಕಾಶ ಭೂಮಿ ವ್ಯತ್ಯಾಸ. 2014ರ ಕಾಯ್ದೆ ಪ್ರಕಾರ ಕೆನ್ಯಾದಲ್ಲಿ ಮದುವೆ ವಯಸ್ಸು 18. ಮಲಾವಿ 2017ರಲ್ಲಿ ಸಂವಿಧಾನವನ್ನೇ ತಿದ್ದಿ 18 ಮಾಡಿತು. ಅದಕ್ಕೂ ಮೊದಲೇ ಅಲ್ಲಿಯ ಡೆಡ್ಜಾ ಜಿಲ್ಲೆಯಲ್ಲಿ ತೆರೇಸಾ ಕಚಿಂಡಮೋಟೋ ಅನ್ನುವ ಮುಖ್ಯಸ್ಥೆ ತನ್ನ ಸೀಮೆಯಲ್ಲಿ ನೂರಾರು ಬಾಲ್ಯವಿವಾಹ ರದ್ದು ಮಾಡಿಸಿ ಮಕ್ಕಳನ್ನು ಶಾಲೆಗೆ ವಾಪಸ್ ಕಳಿಸಿದ್ದರು, ಮಾತು ಕೇಳದ ಕೆಳಗಿನ ಮುಖಂಡರನ್ನು ಕೆಲಸದಿಂದ ತೆಗೆದಿದ್ದರು. ಬಾಲ್ಯವಿವಾಹ ಇಲ್ಲವೇ ಇಲ್ಲ ಅನ್ನುತ್ತಿಲ್ಲ. ಆದರೆ ಉಕಂಬಾನಿಯಲ್ಲಿ ನಾನು ನೋಡಿದ ಮಟ್ಟಿಗೆ ಕ್ರಮ ಹೀಗೆ: ಹುಡುಗಿ ಮೊದಲು ಶಾಲೆ ಬಿಡುತ್ತಾಳೆ, ಆರು ತಿಂಗಳು ಮನೆಯಲ್ಲಿರುತ್ತಾಳೆ, ಆಮೇಲೆ ಬಸುರಿಯೋ ಮದುವೆಯೋ ಆಗುತ್ತದೆ. ಮದುವೆಗಾಗಿ ಶಾಲೆ ಬಿಡಿಸುವುದು ಕಡಿಮೆ. ನಿಮ್ಮ ಹುಡುಗಿ ಈಗ ಇರುವುದು ಆ ಆರು ತಿಂಗಳಲ್ಲಿ. ಅದಕ್ಕೇ ನನಗೆ ಅವಸರ.

"ಶಾಲೆ ಉಚಿತ ಅಲ್ವಾ" ಅಂತಲೂ ಯಾರಾದರೂ ಕೇಳಿಯೇ ಇರುತ್ತಾರೆ. ಕಾಗದದಲ್ಲಿ ಹೌದು. ಕೆನ್ಯಾದಲ್ಲಿ 2003ರಿಂದ ಪ್ರಾಥಮಿಕ ಶಾಲೆ ಉಚಿತ. ಆ ಸುದ್ದಿ ಕೇಳಿ ಕಿಮಾನಿ ಮರುಗೆ ಅನ್ನುವ 84 ವರ್ಷದ ಅಜ್ಜ ಒಂದನೇ ತರಗತಿಗೆ ಬಂದು ಕೂತಿದ್ದರು. 2008ರಿಂದ ಮನೆಯಿಂದ ಹೋಗಿಬರುವ ಹೈಸ್ಕೂಲಿನ ಪಾಠಕ್ಕೂ ಫೀಸಿಲ್ಲ. ಆದರೆ ಯೂನಿಫಾರ್ಮ್ ಅವರದೇ, ಮಧ್ಯಾಹ್ನದ ಗಿಥೇರಿಗೆ (ಮೆಕ್ಕೆಜೋಳ, ಬೀನ್ಸ್ ಕಾಳು ಸೇರಿಸಿ ಬೇಯಿಸಿದ್ದು) ದುಡ್ಡು ಕೊಡಬೇಕು, ಪರೀಕ್ಷೆಯ ಹಾಳೆಗೆ, ಕಾವಲುಗಾರನಿಗೆ, ಹೀಗೆ ಚಿಲ್ಲರೆ ಲೆಕ್ಕ. ಬಾಕಿ ಇದ್ದರೆ ಮಗುವನ್ನು ಮನೆಗೆ ಕಳಿಸಬಾರದು ಅಂತ ಸರ್ಕಾರ ಹೇಳುತ್ತಲೇ ಇದೆ, ಶಾಲೆಗಳು ಕಳಿಸುತ್ತಲೇ ಇವೆ. ಮುಖ್ಯೋಪಾಧ್ಯಾಯರನ್ನು ಬೈದು ಪ್ರಯೋಜನವಿಲ್ಲ. ಸರ್ಕಾರದ ದುಡ್ಡು ತಡವಾಗಿ ಬರುತ್ತದೆ, ಅಂಗಡಿಯವನು ಜೋಳ ಸಾಲ ಕೊಡುವುದನ್ನು ನಿಲ್ಲಿಸಿರುತ್ತಾನೆ.

ಈ ಚಿಲ್ಲರೆ ಲೆಕ್ಕ ಎಷ್ಟು ದೊಡ್ಡದು ಅನ್ನೋದಕ್ಕೆ ಒಂದು ಒಳ್ಳೆ ಪುರಾವೆ ಇದೆ. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೋ, ಪ್ಯಾಸ್ಕಲೀನ್ ಡ್ಯುಪಾ, ಮೈಕಲ್ ಕ್ರೆಮರ್ ಸೇರಿ ಪಶ್ಚಿಮ ಕೆನ್ಯಾದ 328 ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವು ಶಾಲೆಯ ಆರನೇ ತರಗತಿ ಮಕ್ಕಳಿಗೆ ಬರೀ ಯೂನಿಫಾರ್ಮ್ ಕೊಟ್ಟರು. ಮೂರು ವರ್ಷದಲ್ಲಿ ಶಾಲೆ ಬಿಟ್ಟ ಹುಡುಗಿಯರು 100ಕ್ಕೆ 19 ಇದ್ದದ್ದು 16ಕ್ಕೆ ಇಳಿಯಿತು, ಆ ವಯಸ್ಸಿನಲ್ಲೇ ಬಸುರಿಯಾಗುವುದೂ ಕಡಿಮೆಯಾಯಿತು. ಬಟ್ಟೆಯಲ್ಲೇನು ಮಂತ್ರ ಇಲ್ಲ, ಶಾಲೆಯಲ್ಲಿ ಉಳಿದಿದ್ದೇ ಕಾರಣ.

ಪ್ಯಾಡ್ ವಿಷಯ ಸ್ವಲ್ಪ ಬೇಜಾರು ಮಾಡಬಹುದು. ಪ್ಯಾಡ್ ಇಲ್ಲದ್ದಕ್ಕೇ ಹುಡುಗಿಯರು ಶಾಲೆ ಬಿಡುತ್ತಾರೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಕೆನ್ಯಾದ ಕಿಲಿಫಿ ಕೌಂಟಿಯಲ್ಲಿ 140 ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಪ್ಯಾಡ್ ಹಂಚಿದ್ದರಿಂದ ಹಾಜರಾತಿ ಏರಲಿಲ್ಲ. ತಿಳಿವಳಿಕೆ ಪಾಠ ಸೇರಿಸಿದ ಕಡೆ ಮುಟ್ಟಿನ ಬಗ್ಗೆ ನಾಚಿಕೆ ಕಡಿಮೆಯಾಯಿತು, ವಿಷಯ ಗೊತ್ತಾಯಿತು, ಅದು ಒಳ್ಳೆಯದೇ. ಹಾಗಾಗಿ ಪ್ಯಾಡ್ ಕೊಡಬೇಡಿ ಅನ್ನುತ್ತಿಲ್ಲ. ಹುಡುಗಿಯ ಮಾನದ ಪ್ರಶ್ನೆ ಅದು, ಅಷ್ಟೇ ಸಾಕು ಕಾರಣ. ಆದರೆ ಅದರಿಂದ ಶಾಲೆಗೆ ಬರುತ್ತಾಳೆ ಅಂತ ಲೆಕ್ಕ ಹಾಕಬೇಡಿ. ಇನ್ನೊಂದು, ಒಂದು ದಿನ ಹಂಚಿದ ಪ್ಯಾಡ್ ಎರಡು ತಿಂಗಳು ಬರುತ್ತದೆ, ಮೂರನೇ ತಿಂಗಳು ಏನು? 2017ರ ಕಾನೂನಿನಂತೆ ಸರ್ಕಾರವೇ ಶಾಲಾ ಹುಡುಗಿಯರಿಗೆ ಪ್ಯಾಡ್ ಕೊಡಬೇಕು, ಬರುವುದು ಒಮ್ಮೊಮ್ಮೆ. ತೊಳೆದು ಬಳಸುವ ಬಟ್ಟೆ ಪ್ಯಾಡ್ ಕೊಡೋಣ ಅಂದರೆ ತೊಳೆಯಲು ನೀರು ಬೇಕು, ಸೋಪು ಬೇಕು, ಬಿಸಿಲಲ್ಲಿ ಒಣಗಿಸಲು ಯಾರಿಗೂ ಕಾಣದ ಜಾಗ ಬೇಕು. ಬಿಸಾಕುವ ಪ್ಯಾಡ್ ಅಂದರೆ ಅದು ಹೋಗುವುದು ಶಾಲೆಯ ಗುಂಡಿ ಕಕ್ಕಸಿಗೆ, ಅದು ಬೇಗ ತುಂಬುತ್ತದೆ. ಎಲ್ಲಿಂದ ಶುರು ಮಾಡಿದರೂ ಕಡೆಗೆ ನೀರಿಗೇ ಬಂದು ನಿಲ್ಲುತ್ತೇವೆ. ಕಕ್ಕಸಿಗೆ ಒಳಗಿನಿಂದ ಹಾಕುವ ಚಿಲಕ ಇದೆಯಾ ನೋಡಿ. ಚಿಲಕ ಒಂದಕ್ಕೆ ಏನು ಖರ್ಚು ಹೇಳಿ?

ಇನ್ನು ಅರಿವು ಮೂಡಿಸುವುದು. ಇಲ್ಲಿ ಸ್ವಲ್ಪ ಒರಟಾಗಿ ಹೇಳುತ್ತೇನೆ, ಬೇಸರ ಬೇಡ.

ಸೌದೆ ಎಲ್ಲಿ ಸಿಗುತ್ತದೆ, ಯಾವ ಹಳ್ಳದ ಮರಳಲ್ಲಿ ಎಷ್ಟು ಆಳ ತೋಡಿದರೆ ನೀರು ಬರುತ್ತದೆ, ಕಳೆದ ವರ್ಷಕ್ಕಿಂತ ಈ ವರ್ಷ ಎಷ್ಟು ಗೇಣು ಕೆಳಗೆ ಹೋಗಿದೆ, ಇದನ್ನೆಲ್ಲ ದಿನಾ ನೋಡುವವಳು ಆ ಹುಡುಗಿ. ಪರಿಸರದ ಬಗ್ಗೆ ಅವಳಿಗೆ ಹೇಳಲು ನೈರೋಬಿಯ ಫ್ಲ್ಯಾಟಿನಿಂದ ಹೋದ ನಮ್ಮ ಹತ್ತಿರ ಏನಿದೆ? ಕಿಟುಯಿಯ ಮರ ಕಡಿಮೆಯಾಗುತ್ತಿರುವುದು ಹುಡುಗಿಯರು ಆರಿಸುವ ಒಣ ಪುಳ್ಳೆಯಿಂದ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹೊಲಕ್ಕಾಗಿ ಕಾಡು ಕಡಿಯುವುದು, ಪೇಟೆಗೆ ಇದ್ದಿಲು ಸುಡುವುದು, ಇವು ಅದಕ್ಕಿಂತ ದೊಡ್ಡ ಕಾರಣ. ಜನವರಿ 2018ರಲ್ಲಿ ಕಿಟುಯಿಯ ಗವರ್ನರ್ ಚ್ಯಾರಿಟಿ ಎಂಗಿಲು ತಮ್ಮ ಕೌಂಟಿಯಿಂದ ಇದ್ದಿಲು, ಮರಳು ಎರಡನ್ನೂ ಹೊರಗೆ ಸಾಗಿಸಬಾರದು ಅಂತ ನಿಷೇಧ ಹಾಕಿದ್ದರು, ದೊಡ್ಡ ಗಲಾಟೆಯೇ ಆಗಿತ್ತು. ಆ ಇದ್ದಿಲು ಎಲ್ಲಿಗೆ ಹೋಗುತ್ತಿತ್ತು? ನೈರೋಬಿಯಲ್ಲಿ ಸಂಜೆ ರಸ್ತೆ ಬದಿ ನಿಂಬೆಹಣ್ಣು, ಖಾರ ಸವರಿ ಕೊಡುವ ಸುಟ್ಟ ಜೋಳ ನೀವೂ ತಿಂದಿದ್ದೀರಿ, ನಾನೂ ತಿಂದಿದ್ದೇನೆ. ಮರಳಿನ ಕಥೆಯೂ ಅದೇ. ಪೇಟೆಯ ಕಟ್ಟಡಕ್ಕೆ ಹಳ್ಳದ ಮರಳು ಹೋದರೆ ಮರಳಿನೊಳಗೆ ನಿಲ್ಲುವ ನೀರೂ ಹೋಯಿತು. ಮಕುವೇನಿ ಕೌಂಟಿ ಇದಕ್ಕಾಗಿಯೇ 2015ರಲ್ಲಿ ಮರಳಿನ ಕಾನೂನು ಮಾಡಿತು. ತುಂಗಭದ್ರೆ, ಪಾಪಾಗ್ನಿ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರಿವಿನ ಭಾಷಣ ಬೇಕಿದ್ದರೆ ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಇಟ್ಟುಕೊಳ್ಳಿ, ನಾನೇ ಬರುತ್ತೇನೆ.

ಹಾಗಂತ ಎಲ್ಲ ತಿಳಿವಳಿಕೆಯೂ ವ್ಯರ್ಥ ಅಲ್ಲ. ಖಚಿತವಾದ, ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರೆ ಕೆಲಸ ಮಾಡುತ್ತದೆ. ಅದೇ ಪಶ್ಚಿಮ ಕೆನ್ಯಾದಲ್ಲಿ ಡ್ಯುಪಾ ಎಂಟನೇ ತರಗತಿಯ ಹುಡುಗಿಯರಿಗೆ 40 ನಿಮಿಷದ ಒಂದು ಪಾಠ ಮಾಡಿಸಿದರು. ಬುದ್ಧಿಮಾತು ಇಲ್ಲ. ಯಾವ ವಯಸ್ಸಿನ ಗಂಡಸರಲ್ಲಿ ಎಚ್‌ಐವಿ ಎಷ್ಟಿದೆ ಅನ್ನುವ ಅಂಕಿ ಅಷ್ಟೇ, ಅಂದರೆ ದುಡ್ಡಿರುವ ದೊಡ್ಡ ಗಂಡಸರೇ ಹೆಚ್ಚು ಅಪಾಯ ಅಂತ. ಮುಂದಿನ ವರ್ಷ ಆ ಹುಡುಗಿಯರಲ್ಲಿ ಬಸುರಿಯಾಗುವುದು 28% ಕಡಿಮೆಯಾಯಿತು. "ಕೆಟ್ಟ ದಾರಿ ಹಿಡಿಯಬೇಡಿ" ಅನ್ನುವ ಮಾಮೂಲಿ ಪಾಠದಿಂದ ಏನೂ ಬದಲಾಗಿರಲಿಲ್ಲ. ಹೊರಗಿನಿಂದ ಬಂದವರು ಇದನ್ನು ಹೇಳುವುದಕ್ಕಿಂತ ಅಲ್ಲಿಯ ಆರೋಗ್ಯ ಕಾರ್ಯಕರ್ತೆ ಹೇಳುವುದೇ ಸರಿ.

ಓದು, ಪರಿಸರ ಎರಡನ್ನೂ ಒಂದೇ ಕಡೆ ಕಂಡವರು ಅಂದರೆ ವಂಗಾರಿ ಮಾಥಾಯ್. ನಿಮ್ಮ ಮಕ್ಕಳ ಶಾಲೆಯ ಗೋಡೆಯ ಮೇಲೂ ಅವರ ಫೋಟೋ ಇರಬಹುದು. 1940ರಲ್ಲಿ ಞೇರಿ ಸೀಮೆಯ ಹಳ್ಳಿಯಲ್ಲಿ ಹುಟ್ಟಿದವರು. ಅವರು ಶಾಲೆಗೆ ಹೋದದ್ದೇ ಅಣ್ಣ ಒಂದು ದಿನ ಮನೆಯಲ್ಲಿ "ವಂಗಾರಿ ಯಾಕೆ ನಮ್ಮ ಹಾಗೆ ಶಾಲೆಗೆ ಹೋಗಲ್ಲ?" ಅಂತ ಕೇಳಿದ್ದರಿಂದ. ತಾಯಿ ಯೋಚಿಸಿ ಕಳಿಸಿದರು. ಆ ಹುಡುಗಿ 1971ರಲ್ಲಿ ನೈರೋಬಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಳು, ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ ಮೊದಲ ಮಹಿಳೆ. 1977ರಲ್ಲಿ ಗ್ರೀನ್ ಬೆಲ್ಟ್ ಚಳವಳಿ ಶುರುವಾಯಿತು. ಜನ ನೆನಪಿಟ್ಟುಕೊಂಡಿರುವುದು ಕೋಟಿಗಟ್ಟಲೆ ಗಿಡವನ್ನು, 2004ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು. ನನಗೆ ಮುಖ್ಯ ಅನಿಸುವುದು ಬೇರೆ ಎರಡು ಸಂಗತಿ. ಹಳ್ಳಿ ಹೆಂಗಸರು ಬಂದು ಹೇಳಿಕೊಂಡದ್ದು ಸೌದೆ ದೂರವಾಯಿತು, ತೊರೆ ಬತ್ತಿತು, ಮಕ್ಕಳಿಗೆ ಊಟ ಸರಿಯಿಲ್ಲ ಅಂತ, ಅಲ್ಲಿಂದ ಗಿಡದ ಯೋಚನೆ ಬಂತು. ಇನ್ನೊಂದು, ಹೆಂಗಸರಿಗೆ ದುಡ್ಡು ಕೊಡುತ್ತಿದ್ದರು, ಅದೂ ನೆಟ್ಟ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ. ಸಣ್ಣ ಮೊತ್ತವೇ. ಆದರೆ ಅವರ ಗಂಟೆಗೆ ಬೆಲೆ ಇದೆ ಅಂತ ಒಪ್ಪಿಕೊಂಡ ಹಾಗಾಯಿತು. ನಾವು ಶಾಲೆಯ ಹುಡುಗಿಯರ ಹತ್ತಿರ ಪುಕ್ಕಟೆ ನೀರು ಹೊರಿಸಿ ಅದಕ್ಕೆ ಸಬಲೀಕರಣ ಅನ್ನುತ್ತೇವೆ.

ಸರಿ, 3 ಲಕ್ಷ ಶಿಲ್ಲಿಂಗ್. ಏನು ಮಾಡಬಹುದು?

ಮೊದಲು ಆ ಹುಡುಗಿ. ಇದಕ್ಕೆ ಸಂಘದ ದುಡ್ಡೇ ಬೇಕಿಲ್ಲ, ನಿಮ್ಮ ಮನೆಯಿಂದಲೇ ಆಗುತ್ತದೆ. ಊಟದ ಬಾಕಿಯನ್ನು ಶಾಲೆಯ ಖಾತೆಗೆ ನೇರ ಕಟ್ಟಿ ರಸೀದಿ ತೆಗೆದುಕೊಳ್ಳಿ. ಯೂನಿಫಾರ್ಮ್ ಹಳೆಯದಾಗಿದ್ದರೆ ಹೊಸದು. ನೀರಿಗೆ ಕತ್ತೆಯ ಬೆನ್ನ ಮೇಲೆ ಕ್ಯಾನು ತಂದು ಮಾರುವವರು ಊರಲ್ಲಿ ಇದ್ದೇ ಇರುತ್ತಾರೆ. ವಾರಕ್ಕೆ ಇಷ್ಟು ಕ್ಯಾನು ಅಜ್ಜಿ ಮನೆಗೆ ಹಾಕಿ ಅಂತ ಮಾತಾಡಿ ತಿಂಗಳಿಗೊಮ್ಮೆ ಎಂ-ಪೆಸಾ ಮಾಡಿ (ಮೊಬೈಲಿನಲ್ಲೇ ದುಡ್ಡು ಕಳಿಸುವುದು). ಇದು ಕೇಳಲು ತೀರಾ ಸಪ್ಪೆ, ಫೋಟೋ ಬರುವುದಿಲ್ಲ. ಆದರೆ ಅವಳನ್ನು ಮನೆಯಲ್ಲಿ ಕಟ್ಟಿಹಾಕಿರುವುದು ಅದೇ ಹಗ್ಗ. ಅಜ್ಜಿಯ ಮಂಡಿಯನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ. ಎರಡನೇ ಟರ್ಮ್ ಏಪ್ರಿಲ್ ಕೊನೆಗೆ ಶುರುವಾಗುತ್ತದೆ, ಆಗಸ್ಟ್‌ವರೆಗೆ ಕಾಯಬೇಡಿ. ಒಂದು ವೇಳೆ ಬಸುರಿ ಅಂತ ಗೊತ್ತಾದರೂ ಬಾಗಿಲು ಮುಚ್ಚಿಲ್ಲ. ಹೆರಿಗೆಯಾದ ಮೇಲೆ ವಾಪಸ್ ಬರಲು ಕೆನ್ಯಾ 1994ರಿಂದಲೇ ಅವಕಾಶ ಕೊಟ್ಟಿದೆ. ಪಕ್ಕದ ತಾಂಜಾನಿಯಾದಲ್ಲಿ ಅಂಥ ಹುಡುಗಿಯರು ಶಾಲೆಗೆ ವಾಪಸ್ ಬರಬಾರದು ಅನ್ನುವ ನಿಷೇಧ ಇತ್ತು, ಅದನ್ನು ತೆಗೆದದ್ದು 2021ರಲ್ಲಿ.

ನಿಮ್ಮ ಯಜಮಾನರ ಮಾತು, ತಾಯಿ ಕೈಗೆ ದುಡ್ಡು. ಇದನ್ನು ನಾನು ತಳ್ಳಿಹಾಕುವುದಿಲ್ಲ. ಮಲಾವಿಯ ಜೋಂಬಾದಲ್ಲಿ 2008ರಲ್ಲಿ ಎರಡು ಬಗೆ ಮಾಡಿ ನೋಡಿದ್ದರು. ಒಂದು ಗುಂಪಿಗೆ ಶಾಲೆಗೆ ಹೋದರೆ ಮಾತ್ರ ದುಡ್ಡು, ಇನ್ನೊಂದಕ್ಕೆ ಸುಮ್ನೆ ದುಡ್ಡು. ಶರತ್ತು ಹಾಕಿದ ಕಡೆ ಶಾಲೆಗೆ ಹೋಗುವುದು ಜಾಸ್ತಿಯಾಯಿತು. ಶರತ್ತಿಲ್ಲದ ಕಡೆ ಮದುವೆ, ಬಸುರಿ ಆಗುವುದು ಕಡಿಮೆಯಾಯಿತು, ಯಾಕೆಂದರೆ ಶಾಲೆ ಬಿಟ್ಟವಳಿಗೂ ಕೈಯಲ್ಲಿ ಕಾಸಿತ್ತು. ಶರತ್ತು ಹಾಕಿದರೆ ತಪ್ಪಿಬಿದ್ದವಳು ಪೂರ್ತಿ ಹೊರಗಾಗುತ್ತಾಳೆ ಅನ್ನೋದು ಅಪಾಯ. ದುಡ್ಡು ಕೊಟ್ಟರೆ ಹಾಳು ಮಾಡುತ್ತಾರೆ ಅನ್ನುವ ಭಯ ನನಗೆ ಅಷ್ಟಿಲ್ಲ. ಆದರೆ ನಿಮ್ಮ ವಿಷಯದಲ್ಲಿ ಬೇರೆ ತೊಡಕಿದೆ, ಆಕೆ ನಿಮ್ಮ ಮನೆಯ ಕೆಲಸದವರು. ದೊಡ್ಡ ಮೊತ್ತ ಕೊಟ್ಟರೆ ಅದು ಋಣವಾಗುತ್ತದೆ, ನಾಳೆ ಬೇರೆ ಕಡೆ ಒಳ್ಳೆ ಸಂಬಳ ಸಿಕ್ಕರೂ ಹೋಗಲು ಹಿಂಜರಿಯುತ್ತಾರೆ. ಸಂಬಳ ಜಾಸ್ತಿ ಮಾಡಿ. ಅದು ಅವರ ಹಕ್ಕಿನ ದುಡ್ಡು, ಯಾರಿಗೂ ತಲೆ ಬಾಗಿಸಬೇಕಿಲ್ಲ.

ಸಂಘದ ದುಡ್ಡಿಗೆ ನನ್ನ ಮೊದಲ ಆಯ್ಕೆ ಶಾಲೆಯ ಚಾವಣಿಯ ನೀರು. ತಗಡಿನ ಚಾವಣಿ, ಕೆಳಗೆ ಮಳೆನೀರಿನ ದೋಣಿ, ಒಂದೆರಡು 10,000 ಲೀಟರ್ ಟ್ಯಾಂಕು. ಲೆಕ್ಕ ಸುಲಭ: 100 ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ಒಂದು ಮಳೆಗಾಲದಲ್ಲಿ 250 ಮಿ.ಮೀ. ಬಂದರೆ 25,000 ಲೀಟರ್, ಸೋರಿದ್ದು ಕಳೆದು 20,000 ಅನ್ನಿ. ಈಗ ಇನ್ನೊಂದು ಕಡೆಯ ಲೆಕ್ಕವನ್ನೂ ಮಾಡಿ. 300 ಮಕ್ಕಳು, ತಲೆಗೆ ದಿನಕ್ಕೆ 2 ಲೀಟರ್, ಅಂದರೆ ದಿನಕ್ಕೆ 600 ಲೀಟರ್. ತುಂಬಿದ ಎರಡು ಟ್ಯಾಂಕು 33 ದಿನಕ್ಕೆ ಖಾಲಿ. ಮಳೆ ಬರುತ್ತಿರುವಾಗ ಮತ್ತೆ ತುಂಬುತ್ತದೆ ನಿಜ, ಜುಲೈ ಆಗಸ್ಟ್‌ನಲ್ಲಿ ತುಂಬುವುದಿಲ್ಲ. ಹಾಗಾಗಿ ವರ್ಷವಿಡೀ ನೀರು ಅಂತ ಯಾರಿಗೂ ಮಾತು ಕೊಡಬೇಡಿ. ಮಕ್ಕಳು ಮನೆಯಿಂದ ನೀರು ಹೊರುವ ನಿಯಮ ಕೆಲವು ತಿಂಗಳಾದರೂ ನಿಲ್ಲುತ್ತದೆ, ಅಷ್ಟೇ. ಟ್ಯಾಂಕು ಕೆಡುವುದು ಸಣ್ಣ ಕಾರಣಕ್ಕೆ. ದೋಣಿ ಜೋತುಬಿದ್ದು ನೀರು ಆಚೆ ಸುರಿಯುತ್ತದೆ, ನಲ್ಲಿ ಮುರಿಯುತ್ತದೆ. ಇನ್ನೊಂದು ಬೀಗ. ನಾನು ನೋಡಿದ ಒಂದು ಶಾಲೆಯಲ್ಲಿ ಟ್ಯಾಂಕು ತುಂಬಿತ್ತು, ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿತ್ತು, ಹೆಡ್‌ಮಾಸ್ಟರು ಕಿಟುಯಿ ಪೇಟೆಯಲ್ಲಿ ಮೀಟಿಂಗಿನಲ್ಲಿದ್ದರು. ಬೀಗದ ಕೈ ಯಾರ ಹತ್ತಿರ, ನಲ್ಲಿ ಮುರಿದರೆ ದುಡ್ಡು ಯಾರು ಕೊಡುತ್ತಾರೆ, ಇದನ್ನು ಟ್ಯಾಂಕು ತರುವ ಮೊದಲು ಶಾಲಾ ಮಂಡಳಿಯ ಜೊತೆ ಬರೆದುಕೊಳ್ಳಿ. ಬೀಗದ ಕೈ ಅಡುಗೆಯಾಕೆಯ ಹತ್ತಿರ ಇದ್ದರೆ ಒಳ್ಳೆಯದು ಅಂತ ನನ್ನ ಅನುಭವ.

ಅಡುಗೆಯಾಕೆ ಅಂದಾಗ ಎರಡನೇ ಆಯ್ಕೆ ಹೇಳಿಬಿಡುತ್ತೇನೆ, ಶಾಲೆಯ ಒಲೆ. ಮೂರು ಕಲ್ಲಿನ ಮೇಲೆ ದೊಡ್ಡ ಹಂಡೆ ಇಟ್ಟು ಗಿಥೇರಿ ಬೇಯಿಸಲು ಗಂಟೆಗಟ್ಟಲೆ ಉರಿ ಬೇಕು. ಎಷ್ಟೋ ಶಾಲೆಯಲ್ಲಿ ಮಕ್ಕಳೇ ಒಂದೊಂದು ಕೊರಡು ತರಬೇಕು. ಮುಚ್ಚಿದ ಒಲೆ ಸರಿಯಾಗಿ ಕಟ್ಟಿದರೆ ಸೌದೆ ಅರ್ಧಕ್ಕೆ ಇಳಿಯುತ್ತದೆ. ಸಾವಿರ ಗಿಡಕ್ಕಿಂತ ಇದು ಬೇಗ ಮರ ಉಳಿಸುತ್ತದೆ. ಅಪಾಯ ನಮಗೆಲ್ಲ ಗೊತ್ತಿರುವುದೇ. ನಮ್ಮ ಅಜ್ಜಿಯ ಮನೆಗೆ ಸೌದೆ ಉಳಿಸುವ ಅಸ್ತ್ರ ಒಲೆ ಬಂದಾಗ ಅದರ ಬಾಯಿಗೆ ಅಜ್ಜಿಯ ಪಾತ್ರೆ ಕೂರಲಿಲ್ಲ, ಎರಡು ವರ್ಷಕ್ಕೆ ಬೆಕ್ಕು ಮರಿ ಹಾಕುವ ಜಾಗವಾಯಿತು. ಹಂಡೆ ಅಳತೆ ತೆಗೆದುಕೊಂಡು, ಅಡುಗೆಯಾಕೆಯನ್ನು ಕೇಳಿ ಕಟ್ಟಿಸಿ.

ಆಮೇಲೆ ಗಿಡ. ಬೇಡ ಅನ್ನುತ್ತಿಲ್ಲ. ಸಾವಿರ ಬೇಡ, ನೂರು ಸಾಕು, ನವೆಂಬರ್ ಮೊದಲ ಮಳೆ ಆದ ಮೇಲೆ. ಶಾಲೆಗೆ ಆಗ ದೊಡ್ಡ ರಜ, ಹಾಗಾಗಿ ಊರಿನ ಹೆಂಗಸರ ಗುಂಪಿನ ಜೊತೆ ಮಾಡಿ. ಕಂಬಾ ಜನರಲ್ಲಿ ಮ್ವೆಥ್ಯಾ ಅಂತ ಹಳೆಯ ಪದ್ಧತಿ ಇದೆ, ನಮ್ಮ ಮುಯ್ಯಾಳಿನ ಹಾಗೆ. ಒಬ್ಬರ ಹೊಲದ ಕೆಲಸಕ್ಕೆ ಎಲ್ಲರೂ ಬರುತ್ತಾರೆ, ಬದು, ಮೆಟ್ಟಿಲು ಹೊಲ, ಮರಳು ಒಡ್ಡು (ಹಳ್ಳಕ್ಕೆ ಅಡ್ಡ ಕಟ್ಟಿ ಮರಳಿನಲ್ಲಿ ನೀರು ನಿಲ್ಲಿಸುವ ಗೋಡೆ) ಎಲ್ಲ ಹಾಗೆ ಆದದ್ದು. ಅವರೇ ಸಸಿ ಬೆಳೆಸಲಿ, ಮುಂದಿನ ಅಕ್ಟೋಬರ್‌ಗೆ ಬದುಕಿರುವ ಗಿಡ ಎಣಿಸಿ ದುಡ್ಡು ಕೊಡಿ. ಯಾವ ಗಿಡ ಅಂತ ನರ್ಸರಿಯವನನ್ನು ಕೇಳಬೇಡಿ, ಅವನು ಇರುವುದನ್ನು ಮಾರುತ್ತಾನೆ. ನೀಲಗಿರಿ ಕೊಡಲು ಬಂದರೆ ಕೋಲಾರ ನೆನಪಿಸಿಕೊಳ್ಳಿ, ಕರ್ನಾಟಕ 2017ರಲ್ಲಿ ನೀಲಗಿರಿ ನೆಡುವುದನ್ನೇ ನಿಲ್ಲಿಸಿತು. ನಮ್ಮ ಬಳ್ಳಾರಿ ಜಾಲಿ ಕೆನ್ಯಾದ ಬಾರಿಂಗೋಗೂ ಹೋಗಿದೆ, ಅಲ್ಲಿ ಅದರ ಹೆಸರು ಮಥೆಂಗೆ. ಅದರ ಕಾಯಿ ತಿಂದು ಹಲ್ಲು ಉದುರಿದ ಮೇಕೆಯನ್ನೇ ಊರಿನವರು ಸಾಕ್ಷಿಗೆ ಅಂತ ನೈರೋಬಿ ಕೋರ್ಟಿಗೆ ಕರೆದುಕೊಂಡು ಹೋಗಿದ್ದರು! ಕಿಟುಯಿಗೆ ಮುಕಾವು ಒಳ್ಳೆಯದು. ಅಲ್ಲಿಯದೇ ಮರ, ಬರ ತಡೆಯುತ್ತದೆ, ಎಲೆ ಆಡಿಗೆ ಮೇವು, ಮರಕ್ಕೆ ಗೆದ್ದಲು ಹಿಡಿಯುವುದಿಲ್ಲ, ನಾಟಾಗೆ ಬೆಲೆಯಿದೆ. ಒಂದೇ ತಾಪತ್ರಯ, ಬೀಜ ಮೊಳೆಯುವುದು ಕಷ್ಟ, ಗಟ್ಟಿ ಓಟೆ ಒಡೆದು ಒಳಗಿನ ಬೀಜ ಕೆಡದ ಹಾಗೆ ತೆಗೆಯಬೇಕು. ಕಿಟುಯಿಯ ಅರಣ್ಯ ಸಂಶೋಧನಾ ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಅವರನ್ನು ಕೇಳಿ. ಆಡು ಬಾರದ ಹಾಗೆ ಮುಳ್ಳು ಬೇಲಿ ಇಲ್ಲದಿದ್ದರೆ ಇಷ್ಟೂ ದಂಡ.

ಹುಡುಗಿಯರಿಗೆ ಇದರಲ್ಲಿ ಏನು? ಕ್ಲಾಸಿನ ಸಮಯದೊಳಗೆ, ಹುಡುಗರ ಜೊತೆಗೆ, ಒಂದು ಮಳೆಮಾಪಕ ಕೊಡಿ. ದಿನಾ ಬೆಳಗ್ಗೆ ಓದಿ ಗೋಡೆಯ ಮೇಲೆ ಬರೆಯಲಿ. ಟ್ಯಾಂಕಿಗೆ ಎಷ್ಟು ಬಂತು, ಎಷ್ಟು ಹೋಯಿತು ಲೆಕ್ಕ ಹಾಕಲಿ. ಹಳ್ಳದ ಗುಂಡಿಯ ಆಳ ತಿಂಗಳಿಗೊಮ್ಮೆ ಅಳೆಯಲಿ. ಕೆನ್ಯಾದ ಹೊಸ ಪಠ್ಯಕ್ರಮದಲ್ಲಿ ಕೃಷಿ ಒಂದು ವಿಷಯವೇ ಆಗಿದೆ, ಮೇಷ್ಟ್ರಿಗೆ ಇದು ಹೊರೆಯಾಗುವುದಿಲ್ಲ. ಅವಳಿಗೆ ಈಗಾಗಲೇ ಗೊತ್ತಿರುವುದು ಲೆಕ್ಕದ ಪುಸ್ತಕಕ್ಕೆ ಬರುತ್ತದೆ. ಮುಂದೆ ಕೌಂಟಿಯವರು ಮರಳು ಒಡ್ಡು ಎಲ್ಲಿ ಕಟ್ಟೋಣ ಅಂತ ಬಂದಾಗ ಅಂಕಿ ಇರುವುದು ಅವಳ ಹತ್ತಿರ.

ಇನ್ನೊಂದು ದಾರಿ ನಿಧಾನದ್ದು. ಕ್ಯಾಮ್‌ಫೆಡ್ ಅನ್ನುವ ಸಂಸ್ಥೆ 1993ರಲ್ಲಿ ಜಿಂಬಾಬ್ವೆಯಲ್ಲಿ 32 ಹುಡುಗಿಯರಿಗೆ ಫೀಸು ಕಟ್ಟಿ ಶುರುವಾಯಿತು. ಓದಿ ಮುಗಿಸಿದವರು ತಮ್ಮದೇ ಊರಿನ ಶಾಲೆಗೆ ವಾರಕ್ಕೊಮ್ಮೆ ಬಂದು ಚಿಕ್ಕವರ ಜೊತೆ ಕೂರುತ್ತಾರೆ, ಯಾರು ಬರುತ್ತಿಲ್ಲ ಅಂತ ನೋಡಿ ಮನೆಗೆ ಹೋಗುತ್ತಾರೆ. ಆ ಮೊದಲ 32ರಲ್ಲಿ ಒಬ್ಬರಾದ ಏಂಜಲೀನ್ ಮುರಿಮಿರ್ವಾ ಈಗ ಸಂಸ್ಥೆಯ ಮುಖ್ಯಸ್ಥೆ. ಈ ಸಂಸ್ಥೆಯ ಉಪಾಯ ಕದಿಯಲು ನಿಮಗೆ ಅಡ್ಡಿಯಿಲ್ಲ. ಹೈಸ್ಕೂಲು ಮುಗಿಸಿ ಊರಲ್ಲೇ ಇರುವ ಒಬ್ಬಳಿಗೆ ನೀವು ಸಣ್ಣ ಸಂಬಳ ಕೊಟ್ಟರೆ ನಿಮ್ಮ ಹುಡುಗಿ ಮತ್ತೆ ಎರಡು ದಿನ ಬರದಿದ್ದಾಗ ಮೂರನೇ ದಿನ ಬಾಗಿಲು ತಟ್ಟುವವರು ಒಬ್ಬರಿರುತ್ತಾರೆ. ಅಪಾಯ ಏನೆಂದರೆ ನಿಮ್ಮ ಸಂಘದ ಉತ್ಸಾಹ ಒಂದು ವರ್ಷಕ್ಕೆ ಆರಿಹೋಗಬಹುದು. ಮೂರು ವರ್ಷದ ಸಂಬಳ ಮೊದಲೇ ತೆಗೆದಿಡಲು ಆಗುವುದಿಲ್ಲ ಅಂದರೆ ಇದಕ್ಕೆ ಕೈ ಹಾಕಬೇಡಿ.

ನಾನಾಗಿದ್ದರೆ ಹುಡುಗಿಯ ಖರ್ಚು ಮನೆಯಿಂದ, ಸಂಘದ ದುಡ್ಡಲ್ಲಿ ಟ್ಯಾಂಕು, ಉಳಿದರೆ ಒಲೆ, ಗಿಡ ನವೆಂಬರ್‌ಗೆ. ಆದರೆ ನಾನು ಆ ಶಾಲೆ ನೋಡಿಲ್ಲ, ನೀವೂ ನೋಡಿಲ್ಲ. ಮೊದಲು ಒಂದು ಶನಿವಾರ ಹುಡುಗಿಯ ತಾಯಿಯ ಜೊತೆ ಇಬ್ಬರೇ ಇಬ್ಬರು ಹೋಗಿ. ಹನ್ನೆರಡು ಕುಟುಂಬ ಬೇಡ. ರಾತ್ರಿ ಅಲ್ಲೇ ಎಲ್ಲಾದರೂ ಉಳಿದು, ಭಾನುವಾರ ಬೆಳಗಿನ ಜಾವ ಆ ಹುಡುಗಿ ನೀರಿಗೆ ಹೊರಟಾಗ ಜೊತೆಗೆ ನಡೆಯಿರಿ. ಬರುವಾಗ ಅವಳ ಕ್ಯಾನು ಸ್ವಲ್ಪ ದೂರ ನೀವು ಹೊತ್ತು ನೋಡಿ, 20 ಲೀಟರ್ ಅಂದರೆ 20 ಕೆಜಿ. ಬರಿಗೈಯಲ್ಲಿ ಹೋಗಬೇಡಿ, ಅಜ್ಜಿಗೆ ಎರಡು ಕೆಜಿ ಸಕ್ಕರೆ, ಟೀಪುಡಿ, ಜೋಳದ ಹಿಟ್ಟಿನ ಪೊಟ್ಟಣ ತೆಗೆದುಕೊಂಡು ಹೋಗಿ. ಕಂಬಾ ಭಾಷೆಯಲ್ಲಿ ಅಜ್ಜಿಗೆ "ಸೂಸು" ಅನ್ನುತ್ತಾರೆ.